ಸೋಲ್‌ಫಾರ್‌ನಂಥ ಸ್ಟೀಲ್ ದೋಣಿ ಮಲ್ಪೆಯ ಕಡಲ ಗಾಳಿಗೆ ಬಾಳುತ್ತದೆಯೇ?

ಪ್ರಶ್ನೆ: ಮಲ್ಪೆಯ ಹತ್ತಿರ ನಮ್ಮದೊಂದು ಹೋಮ್‌ಸ್ಟೇ ಇದೆ. ಸಮುದ್ರ ಸುಮಾರು 80 ಮೀಟರ್ ದೂರ. ಕಳೆದ ವರ್ಷ ಐಸ್‌ಲ್ಯಾಂಡ್‌ಗೆ ಹೋಗಿದ್ದಾಗ ರೇಕ್ಯಾವಿಕ್‌ನ ದಂಡೆಯಲ್ಲಿರುವ ಸೋಲ್‌ಫಾರ್ ಎಂಬ ಸ್ಟೀಲ್ ದೋಣಿಯನ್ನು ನೋಡಿ ಮರುಳಾದೆ. ಊರಿಗೆ ಬಂದು 4 ಮಿ.ಮೀ. ಅಲ್ಯೂಮಿನಿಯಂ ಸರಳಿನಲ್ಲಿ 60 ಸೆಂ.ಮೀ. ಉದ್ದದ ಮಾದರಿ ಮಾಡಿದ್ದೇನೆ. ಎಲ್ಲವನ್ನೂ ಹತ್ತು ಪಟ್ಟು ಮಾಡಿ 6 ಮೀಟರಿನ ದೋಣಿಯನ್ನು ಅಂಗಳದಲ್ಲಿ ನಿಲ್ಲಿಸುವ ಆಸೆ. ವರ್ಕ್‌ಶಾಪಿನವರು "304 ಸ್ಟೀಲ್ ಹಾಕುವ, ಜೀವಮಾನ ತುಕ್ಕು ಹಿಡಿಯುವುದಿಲ್ಲ, ಬೇಕಾದರೆ ಆಯಸ್ಕಾಂತ ಹಿಡಿದು ನೋಡಿ" ಅನ್ನುತ್ತಾರೆ. ಮನೆಯವರ ಚಿಂತೆ ಬೇರೆ. ಅದು ವೈಕಿಂಗ್ ಹಡಗು, ಮಾಡಿದವನು ತನ್ನ ಸಾವಿಗೆಂದೇ ಮಾಡಿಕೊಂಡದ್ದು ಎಂದು ಯಾರೋ ಹೇಳಿದ್ದಾರೆ. ಮನೆ ಮುಂದೆ ಅಂಥದ್ದು ಬೇಡವಂತೆ. ಇನ್ನೊಬ್ಬ ಸ್ನೇಹಿತರು "ಅಮೂರ್ತ ಶಿಲ್ಪ ತಾನೇ, ಯಾರು ಬೇಕಾದರೂ ಮಾಡಬಹುದು" ಅನ್ನುತ್ತಾರೆ. ಯಾವುದು ನಿಜ? ಹೇಗೆ ಮುಂದುವರಿಯಲಿ?

ಉತ್ತರ: ನಿಮ್ಮ ಪ್ರಶ್ನೆಯಲ್ಲಿ ಮೂರು ಬೇರೆ ಬೇರೆ ಆತಂಕಗಳಿವೆ: ಆ ಕೃತಿಯ ಅರ್ಥ ಏನು, ಅದನ್ನು ಮಾಡುವ ಹಕ್ಕು ನಿಮಗಿದೆಯೇ, ಮಾಡಿದರೆ ಬಾಳುತ್ತದೆಯೇ. ಮೂರನೆಯದೇ ದೊಡ್ಡದು, ಅದಕ್ಕೇ ಹೆಚ್ಚು ಜಾಗ ಕೊಡುತ್ತೇನೆ. ಆದರೆ ಎರಡನೆಯದನ್ನು ಮೊದಲು ಮುಗಿಸಬೇಕು. ಅಲ್ಲಿ ಎಡವಿದರೆ ಉಳಿದದ್ದಕ್ಕೆ ಅರ್ಥವೇ ಇಲ್ಲ.

ಸೋಲ್‌ಫಾರ್ ಯೋನ್ ಗುನ್ನರ್ ಆರ್ನಾಸನ್ ಎಂಬ ಶಿಲ್ಪಿಯ ಕೃತಿ. ಅವರು ತೀರಿಕೊಂಡದ್ದು 1989ರ ಏಪ್ರಿಲ್ 21ರಂದು. ಕೃತಿಸ್ವಾಮ್ಯ ಐಸ್‌ಲ್ಯಾಂಡ್‌ನಲ್ಲಿ ಕಲಾವಿದರ ನಂತರ 70 ವರ್ಷ, ಭಾರತದಲ್ಲಿ 60 ವರ್ಷ. ಲೆಕ್ಕ ಮರುವರ್ಷದ ಆರಂಭದಿಂದ ಶುರುವಾಗುವುದರಿಂದ ನಮ್ಮಲ್ಲಿ 2049ರ ಕೊನೆಯವರೆಗೆ ಹಕ್ಕು ವಾರಸುದಾರರದ್ದೇ. "ಅದು ಬೀದಿಯಲ್ಲಿದೆ, ಸಾವಿರಾರು ಜನ ಫೋಟೊ ತೆಗೆಯುತ್ತಾರೆ" ಎನ್ನಬಹುದು. ಸಾರ್ವಜನಿಕ ಜಾಗದಲ್ಲಿ ಶಾಶ್ವತವಾಗಿ ಇಟ್ಟ ಶಿಲ್ಪದ ಚಿತ್ರ ಬರೆಯಲು, ಫೋಟೊ ತೆಗೆಯಲು ನಮ್ಮ ಕಾಯ್ದೆಯಲ್ಲಿ ರಿಯಾಯಿತಿ ಇದೆ. ಅದನ್ನೇ ಮೂರು ಆಯಾಮದಲ್ಲಿ ಮತ್ತೆ ಮಾಡಲು ಇಲ್ಲ. ಸಣ್ಣದು ಮಾಡಿದರೂ, ಲೋಹ ಬದಲಿಸಿದರೂ ನಕಲು ನಕಲೇ. ಹೋಮ್‌ಸ್ಟೇಯ ಮುಂದೆ ನಿಲ್ಲಿಸಿದರೆ ವ್ಯಾಪಾರದ ಬಳಕೆಯೂ ಆಯಿತು.

ಆದರೆ ದೋಣಿ ಯಾರ ಸೊತ್ತೂ ಅಲ್ಲ. ಪಕ್ಕೆಲುಬಿನಂಥ ಕಮಾನುಗಳಿಂದ ದೋಣಿಯೊಂದನ್ನು ಸೂಚಿಸುವ ಉಪಾಯವೂ ಯಾರೊಬ್ಬರದ್ದಲ್ಲ. ಯೋನ್ ಗುನ್ನರ್ ಅವರದ್ದು ಆ ನಿರ್ದಿಷ್ಟ ರೇಖೆಗಳು: ಕಮಾನುಗಳ ಅಂತರ, ಎರಡೂ ತುದಿಯಲ್ಲಿ ಆಕಾಶಕ್ಕೆ ಏಳುವ ಸರಳುಗಳ ಓಟ. ನೀವಿರುವುದು ಮಲ್ಪೆಯಲ್ಲಿ. ಬಂದರಿನ ಬದಿಯಲ್ಲಿ ದೋಣಿ ಕಟ್ಟುವಾಗ ಹಲಗೆ ಹೊಡೆಯುವ ಮೊದಲು ಅಸ್ಥಿಪಂಜರ ಹೇಗೆ ಕಾಣುತ್ತದೆ ಎಂದು ಹೋಗಿ ನೋಡಿ, ಅದರ ಅಳತೆ ತೆಗೆದು ನಿಮ್ಮ ಮಾದರಿಯನ್ನು ಹೊಸದಾಗಿ ಮಾಡಿಕೊಳ್ಳಿ. ಕಾನೂನಿನ ತೊಡಕೂ ತಪ್ಪುತ್ತದೆ, ಕೆಲಸವೂ ನಿಮ್ಮದಾಗುತ್ತದೆ.

ಇನ್ನು ವೈಕಿಂಗ್ ಹಡಗಿನ ಮಾತು. ಪ್ರವಾಸಿಗರಲ್ಲಿ ಬಹಳ ಮಂದಿ ಹಾಗೇ ತಿಳಿದು ಬರುತ್ತಾರೆ. ಐಸ್‌ಲ್ಯಾಂಡ್ ಎಂದಾಕ್ಷಣ ನೆನಪಾಗುವುದು ವೈಕಿಂಗರೇ ಆದ್ದರಿಂದ ತಪ್ಪು ತಿಳಿವಳಿಕೆ ಸಹಜ. ಶಿಲ್ಪಿಯ ಮನಸ್ಸಿನಲ್ಲಿ ಇದ್ದದ್ದು ಅದಲ್ಲ. ಅದು ಕನಸಿನ ದೋಣಿ, ಸೂರ್ಯನಿಗೆ ಹಾಡಿದ ಸ್ತುತಿ, ಇನ್ನೂ ಕಾಣದ ನೆಲದ ಭರವಸೆ. 1986ರಲ್ಲಿ ರೇಕ್ಯಾವಿಕ್ ನಗರಕ್ಕೆ 200 ವರ್ಷ ತುಂಬಿದಾಗ ನಗರದ ಪಶ್ಚಿಮ ಭಾಗದ ನಿವಾಸಿಗಳ ಸಂಘ ಹೊರಾಂಗಣ ಶಿಲ್ಪಕ್ಕೆಂದು ಸ್ಪರ್ಧೆ ಏರ್ಪಡಿಸಿತು. ಗೆದ್ದದ್ದು ಸೋಲ್‌ಫಾರ್. ಆಗ ಇದ್ದದ್ದು 42.5 × 88 × 36 ಸೆಂ.ಮೀ. ಅಳತೆಯ ಅಲ್ಯೂಮಿನಿಯಂ ಮಾದರಿ ಮಾತ್ರ. ಈಗ ದಂಡೆಯಲ್ಲಿ ನಿಂತಿರುವುದು 18 ಮೀಟರ್ ಉದ್ದ, 9 ಮೀಟರ್ ಎತ್ತರದ್ದು. ನಗರದ ಹುಟ್ಟುಹಬ್ಬವಾದ ಆಗಸ್ಟ್ 18ರಂದು, 1990ರಲ್ಲಿ ಅನಾವರಣಗೊಂಡಿತು.

ಸಾವಿನ ಕಥೆ ಹುಟ್ಟಿದ್ದು ಈ ತಾರೀಖುಗಳ ನಡುವಿನ ಸಂದಿಯಲ್ಲಿ. ಪೂರ್ಣ ಗಾತ್ರದ ಕೆಲಸ ನಡೆಯುವಾಗ ಯೋನ್ ಗುನ್ನರ್‌ಗೆ ರಕ್ತದ ಕ್ಯಾನ್ಸರ್ ಇತ್ತು, ದೋಣಿ ನಿಲ್ಲುವುದನ್ನು ನೋಡಲು ಅವರು ಇರಲಿಲ್ಲ. ಅದಕ್ಕೇ ಇದು ಆತ್ಮಗಳನ್ನು ಆಚೆ ದಡಕ್ಕೆ ಒಯ್ಯುವ ನೌಕೆ ಎಂದು ಕೆಲವರು ಓದಿದರು. ಆದರೆ ಕಲ್ಪನೆ ಕಾಯಿಲೆಗಿಂತ ಹಳೆಯದು, ಸೂರ್ಯ ಮತ್ತು ದೋಣಿ ಅವರ ಚಿತ್ರಗಳಲ್ಲಿ, ಮಾದರಿಗಳಲ್ಲಿ ಮೊದಲಿನಿಂದಲೂ ಬರುತ್ತಿದ್ದವು. ಮನೆಯವರಿಗೆ ಧೈರ್ಯವಾಗಿ ಹೇಳಿ: ಅದು ಸೂರ್ಯನ ದೋಣಿ. ಅದರ ಹೆಸರಿನಲ್ಲೇ ಸೂರ್ಯನಿದ್ದಾನೆ, ಐಸ್‌ಲ್ಯಾಂಡಿನ ಭಾಷೆಯಲ್ಲಿ ಸೋಲ್ ಎಂದರೆ ಸೂರ್ಯ.

ದಿಕ್ಕಿನ ಬಗ್ಗೆಯೂ ಒಂದು ತಕರಾರು ಅಲ್ಲಿ ಇತ್ತು. ಸೂರ್ಯನ ದೋಣಿಯಾದರೆ ಮೂತಿ ಮುಳುಗುವ ಸೂರ್ಯನತ್ತ, ಪಶ್ಚಿಮಕ್ಕೆ ಇರಬೇಕಲ್ಲ, ಇದು ಉತ್ತರಕ್ಕೆ ನೋಡುತ್ತಿದೆ ಎಂದು. ಮೊದಲು ಯೋಚಿಸಿದ್ದು ನಗರದ ಪಶ್ಚಿಮ ಭಾಗದ ಜಾಗ. ಅಲ್ಲಿನ ನಗರ ಯೋಜನೆ ಬದಲಾಗಿ ಕೊನೆಗೆ ಸೈಬ್ರೊಯ್ತ್ ರಸ್ತೆ ಬದಿಯ ಪುಟ್ಟ ಚಾಚು ಗೊತ್ತಾಯಿತು. ಶಿಲ್ಪಿ ಅದಕ್ಕೆ ಒಪ್ಪಿ, ತಮಾಷೆಗೆ ತಮ್ಮ ಹೆಸರನ್ನೇ ಆ ಚಾಚಿಗೆ ಇಟ್ಟಿದ್ದರು. ನಿಮ್ಮ ಅಂಗಳದಲ್ಲಿ ದಿಕ್ಕು ನಿಮಗೆ ಬಿಟ್ಟದ್ದು. ಅರಬ್ಬೀ ಸಮುದ್ರ ಪಶ್ಚಿಮಕ್ಕೇ ಇರುವುದರಿಂದ ಈ ಜಗಳ ನಿಮಗಿಲ್ಲ.

ನಿಮ್ಮ ಸ್ನೇಹಿತರ "ಅಮೂರ್ತ ತಾನೇ" ಎಂಬ ಮಾತಿಗೆ ಬರುತ್ತೇನೆ. ಸೋಲ್‌ಫಾರ್ ಪೂರ್ತಿ ಅಮೂರ್ತವಲ್ಲ; ಅಮೂರ್ತ ಶಿಲ್ಪ ಕಲಿಸಿದ ಸಂಕ್ಷೇಪದಿಂದ ದೋಣಿಯನ್ನು ಹೇಳುತ್ತದೆ. ಐಸ್‌ಲ್ಯಾಂಡ್‌ನಲ್ಲಿ ಆ ಹಾದಿ ತೆರೆದವರಲ್ಲಿ ಮುಖ್ಯರು ಗೆರ್ದುರ್ ಹೆಲ್ಗಾದೋತ್ತಿರ್ (1928–1975). ಫ್ಲಾರೆನ್ಸ್‌ನಲ್ಲಿ ಮನುಷ್ಯಾಕೃತಿಯ ಅಭ್ಯಾಸ ಮಾಡಿ, ಪ್ಯಾರಿಸ್‌ನಲ್ಲಿ ಶಿಲ್ಪಿ ಜಾಡ್ಕಿನ್ ಅವರ ಬಳಿ ಕಲಿತು, 1950ರ ದಶಕದ ಆರಂಭದಲ್ಲಿ ಕಬ್ಬಿಣದ ತಗಡು, ಸರಳು, ತಂತಿಗಳಿಂದ ಜ್ಯಾಮಿತಿಯ ರಚನೆಗಳನ್ನು ಕಟ್ಟಿದರು. ಅವರ ಹೆಸರಿನ ಸಂಗ್ರಹಾಲಯ ರೇಕ್ಯಾವಿಕ್ ಪಕ್ಕದ ಕೋಪಾವೋಗುರ್‌ನಲ್ಲಿ 1994ರಿಂದ ಇದೆ. ಮತ್ತೊಮ್ಮೆ ಹೋದರೆ ದೋಣಿಗಿಂತ ಮೊದಲು ಅಲ್ಲಿಗೆ ಹೋಗಿ ಎನ್ನುತ್ತೇನೆ. ತಂತಿಯ ಕೃತಿಗಳಲ್ಲಿ ನೋಡಬೇಕಾದ್ದು ಕೂಡುಗಳನ್ನು. ಆಕೃತಿಯೇ ಇಲ್ಲದ ಶಿಲ್ಪದಲ್ಲಿ ಮುಖ, ಕೈ, ಬಟ್ಟೆಯ ಮಡಿಕೆ ಯಾವುದೂ ಇಲ್ಲ. ಒಂದು ಸರಳು ಎರಡು ಮಿ.ಮೀ. ಬಾಗಿದ್ದರೂ, ಒಂದು ಬೆಸುಗೆ ಉಬ್ಬಿದ್ದರೂ ಕಣ್ಣು ಮೊದಲು ಹೋಗುವುದು ಅಲ್ಲಿಗೇ. ಕೆತ್ತನೆಯ ವಿಗ್ರಹದಲ್ಲಿ ಮುಚ್ಚಿಹೋಗುವ ತಪ್ಪು ಇಲ್ಲಿ ಬೆತ್ತಲೆ. "ಯಾರು ಬೇಕಾದರೂ" ಎನ್ನುವವರು ಒಮ್ಮೆ ಮೂರು ಸರಳನ್ನು ನೇರವಾಗಿ ಬೆಸೆದು ನೋಡಲಿ.

ಯೋನ್ ಗುನ್ನರ್ ನಂತರದ ಪೀಳಿಗೆಯವರು. 1931ರಲ್ಲಿ ಹುಟ್ಟಿದವರು, 1965ರಲ್ಲಿ ಶುರುವಾದ ಸೂಮ್ ಎಂಬ ಬಂಡಾಯದ ಕಲಾವಿದರ ಗುಂಪಿನ ಸ್ಥಾಪಕರಲ್ಲಿ ಒಬ್ಬರು. ದೊಡ್ಡ ಕೃತಿಯನ್ನು ಅವರು ಒಬ್ಬರೇ ಮಾಡಲಿಲ್ಲ ಎಂಬುದು ನಿಮಗೆ ಮುಖ್ಯ. ಶಿಲ್ಪಿ ಪೂರ್ಣ ಗಾತ್ರದ ನಕ್ಷೆ ಬರೆದರು. ಅವರ ಸಹಾಯಕ, ಕಲಾವಿದ ಕ್ರಿಸ್ಟಿನ್ ಇ. ಹ್ರಾಫ್ನ್‌ಸನ್ ಮೇಲ್ವಿಚಾರಣೆ ನೋಡಿಕೊಂಡರು. ತಾಂತ್ರಿಕ ಲೆಕ್ಕ ಸಿಗುರ್ಯೋನ್ ಇಂಗ್ವಾಸನ್ ಅವರದ್ದು. ಕಟ್ಟಿದ್ದು ರೇನಿರ್ ಹ್ಯಾಲ್ಮ್‌ಟೀಸನ್ ಮತ್ತು ಅವರ ಸಹಾಯಕ. ಮಾದರಿ ಮಾಡಿದವರು, ಲೆಕ್ಕ ಹಾಕಿದವರು, ಬೆಸೆದವರು ಬೇರೆ ಬೇರೆ. ಯಾಕೆಂದರೆ ಮಾದರಿಯನ್ನು ಗುಣಿಸಿದರೆ ಶಿಲ್ಪ ಆಗುವುದಿಲ್ಲ.

ನಿಮ್ಮ "ಹತ್ತು ಪಟ್ಟು" ತೊಂದರೆ ಕೊಡುವುದು ಇಲ್ಲಿಯೇ. ಉದ್ದ ಹತ್ತು ಪಟ್ಟಾದರೆ ಮೇಲ್ಮೈ 100 ಪಟ್ಟು, ಗಾತ್ರ 1,000 ಪಟ್ಟು. ಅಲ್ಯೂಮಿನಿಯಂ ಬಿಟ್ಟು ಸ್ಟೀಲಿಗೆ ಹೋದರೆ ಅದಕ್ಕೆ ಮತ್ತೆ ಮೂರು ಪಟ್ಟು ತೂಕ. ನಿಮ್ಮ ಮಾದರಿಯಲ್ಲಿ ಒಂದು ತುದಿಯಲ್ಲಿ ಮಾತ್ರ ಹಿಡಿದಿರುವ, 20 ಸೆಂ.ಮೀ. ಹೊರಚಾಚಿದ 4 ಮಿ.ಮೀ. ಸರಳನ್ನೇ ತೆಗೆದುಕೊಳ್ಳೋಣ. ಅದರ ತೂಕ 7 ಗ್ರಾಂ; ತನ್ನ ಭಾರಕ್ಕೆ ತುದಿ ಬಾಗುವುದು 0.08 ಮಿ.ಮೀ., ಕಣ್ಣಿಗೆ ಕಾಣದಷ್ಟು. ಹತ್ತು ಪಟ್ಟು ಮಾಡಿದರೆ 40 ಮಿ.ಮೀ. ದಪ್ಪ, 2 ಮೀಟರ್ ಉದ್ದದ ಗಟ್ಟಿ ಸ್ಟೀಲ್ ಸರಳು: ತೂಕ 20 ಕೆ.ಜಿ., ಬಾಗು 8 ಮಿ.ಮೀ. ಮೂತಿಯ ರೇಖೆ ಮಾದರಿಯಲ್ಲಿದ್ದ ಚುರುಕು ಕಳೆದುಕೊಂಡು ಜೋತುಬಿದ್ದಂತೆ ಕಾಣಲು ಅಷ್ಟು ಸಾಕು. ಆದ್ದರಿಂದ ಕಮಾನನ್ನು ಬಾಗಿಸುವಾಗಲೇ ಆ 8 ಮಿ.ಮೀ.ಯನ್ನು ಮೇಲಕ್ಕೆ ಸೇರಿಸಿ ಬಾಗಿಸಬೇಕು. ಸೋಲ್‌ಫಾರ್‌ನಲ್ಲಿ ಪಟ್ಟು ಇಪ್ಪತ್ತರ ಆಸುಪಾಸು, ಅಂದರೆ ಗಾತ್ರ 8,000 ಪಟ್ಟು.

ಗಟ್ಟಿ ಸರಳು ಬೇಡ, ಪೈಪು ಹಾಕಿ. 42.2 ಮಿ.ಮೀ. ಹೊರವ್ಯಾಸ, 3.56 ಮಿ.ಮೀ. ಗೋಡೆಯ ಪೈಪು (ಅಂಗಡಿಯಲ್ಲಿ ಒಂದೂಕಾಲು ಇಂಚು, ಷೆಡ್ಯೂಲ್ 40 ಎಂದು ಕೇಳಿ) ಮೀಟರಿಗೆ ಸುಮಾರು ಮೂರೂವರೆ ಕೆ.ಜಿ.; ಅದೇ 2 ಮೀಟರಿಗೆ 7 ಕೆ.ಜಿ. ಇಡೀ ದೋಣಿಗೆ 60 ಮೀಟರ್ ಪೈಪು ಹಿಡಿದರೂ 210 ಕೆ.ಜಿ. ದಾಟುವುದಿಲ್ಲ. ರೇಲಿಂಗಿಗೆಂದು ಮಾರುವ 1.2 ಮಿ.ಮೀ. ಗೋಡೆಯ ಹೊಳೆಯುವ ಪೈಪನ್ನು ಮಾತ್ರ ಬಳಸಬೇಡಿ, ಬೆಲೆ ಕಡಿಮೆ ಎಂದು ಯಾರು ಹೇಳಿದರೂ. ಬಾಗಿಸುವಾಗ ಒಳಮೈ ಸುಕ್ಕಾಗುತ್ತದೆ, ಬೆಸೆಯುವಾಗ ತೂತು ಬೀಳುತ್ತದೆ.

ಗಾಳಿಯ ಬಗ್ಗೆ ಎಲ್ಲರೂ ಹೆದರುತ್ತಾರೆ, ಆದರೆ ಇಂಥ ತೆರೆದ ರಚನೆಗೆ ಗಾಳಿಯ ನೇರ ಒತ್ತಡ ದೊಡ್ಡ ಶತ್ರುವಲ್ಲ. ಮಂಗಳೂರಿಗೆ ಭಾರತೀಯ ಮಾನಕದ ಮೂಲ ಗಾಳಿವೇಗ ಸೆಕೆಂಡಿಗೆ 39 ಮೀಟರ್, ಅಂದರೆ ಚದರ ಮೀಟರಿಗೆ ಸುಮಾರು 93 ಕೆ.ಜಿ. ಒತ್ತಡ. 60 ಮೀಟರ್ ಪೈಪು ಗಾಳಿಗೆ ಒಡ್ಡುವ ಮೈ ಎರಡೂವರೆ ಚದರ ಮೀಟರ್ ಮಾತ್ರ. ಬಿರುಗಾಳಿಯಲ್ಲೂ ದೋಣಿ ಮೇಲೆ ಬೀಳುವ ಬಲ 300 ಕೆ.ಜಿ. ಒಳಗೇ. ನಿಜವಾದ ಶತ್ರುಗಳು ಎರಡು. ಒಂದು, ಸಣ್ಣ ಗಾಳಿಗೇ ಸರಳು ತುಯ್ಯುವುದು: ಉರುಟಾದ ಸರಳಿನ ಹಿಂದೆ ಗಾಳಿ ಸುಳಿಗಟ್ಟಿ ಎಡಕ್ಕೂ ಬಲಕ್ಕೂ ಎಳೆಯುತ್ತದೆ, ಲಕ್ಷಾಂತರ ಬಾರಿ. ಬಿರುಕು ಬರುವುದು ಬುಡದ ಬೆಸುಗೆಯ ಅಂಚಿನಲ್ಲಿ. ಇನ್ನೊಂದು, ಮನುಷ್ಯರು. 35 ಕೆ.ಜಿ. ತೂಕದ ಹುಡುಗನೊಬ್ಬ ಆ 2 ಮೀಟರ್ ಪೈಪಿನ ತುದಿಗೆ ಜೋತುಬಿದ್ದರೆ ಬುಡದಲ್ಲಿ ಹುಟ್ಟುವ ಒತ್ತಡ ಸುಮಾರು 178 ಮೆಗಾಪ್ಯಾಸ್ಕಲ್. 316 ಎಲ್ ಸ್ಟೀಲಿನ (ನಾನು ಕೆಳಗೆ ಸೂಚಿಸುವ ದರ್ಜೆ) ಕನಿಷ್ಠ ಇಳುವರಿ ಮಿತಿ, ಅಂದರೆ ಲೋಹ ಶಾಶ್ವತವಾಗಿ ಬಾಗತೊಡಗುವ ಒತ್ತಡ, 170. ಅಂದರೆ ಸರಳು ಬಾಗಿ ಮತ್ತೆ ನೆಟ್ಟಗಾಗದೆ ಉಳಿಯಬಹುದು. ಹೋಮ್‌ಸ್ಟೇಗೆ ಬರುವ ಮಕ್ಕಳು ಹತ್ತದೇ ಇರುತ್ತಾರೆಯೇ? ರೇಕ್ಯಾವಿಕ್‌ನಲ್ಲೇ ಪ್ರವಾಸಿಗರು ಹತ್ತಿ ಫೋಟೊ ತೆಗೆಸಿಕೊಳ್ಳುತ್ತಾರೆ.

ಹಾಗಾಗಿ ಕೈಗೆಟಕುವ ಎತ್ತರದಲ್ಲಿ ಒಂಟಿಯಾಗಿ ಹೊರಚಾಚುವ ಸರಳು ಇರದಂತೆ ವಿನ್ಯಾಸ ಮಾಡಿ. ಚಾಚಲೇಬೇಕಾದರೆ ಬುಡದ ಮೂರನೇ ಒಂದು ಭಾಗಕ್ಕೆ 60.3 ಮಿ.ಮೀ. ಪೈಪು, ಆಮೇಲೆ 48.3, ತುದಿಗೆ 42.2 ಎಂದು ಮೆಟ್ಟಿಲಾಗಿ ತೆಳ್ಳಗೆ ಮಾಡಿ, ಕೂಡುಗಳನ್ನು ಶಂಕುವಿನಾಕಾರಕ್ಕೆ ಉಜ್ಜಿ. ತುದಿ ತೆಳ್ಳಗಾದರೆ ಕಣ್ಣಿಗೂ ಚೆಂದ, ತುಯ್ತವೂ ಒಂದೇ ಲಯಕ್ಕೆ ಸಿಗುವುದಿಲ್ಲ. ಎಲ್ಲ ಸರಳುಗಳ ಉದ್ದ ಸ್ವಲ್ಪ ಸ್ವಲ್ಪ ಬೇರೆ ಇದ್ದರೆ ಇನ್ನೂ ಒಳ್ಳೆಯದು.

ಈಗ ಸ್ಟೀಲು. "ಜೀವಮಾನ ತುಕ್ಕಿಲ್ಲ" ಎನ್ನುವುದು ಸುಳ್ಳಲ್ಲ, ಬೆಂಗಳೂರಿನ ಅಡುಗೆಮನೆಗೆ. ಸ್ಟೇನ್‌ಲೆಸ್ ಸ್ಟೀಲನ್ನು ಕಾಯುವುದು ಅದರ ಮೈಮೇಲಿನ ಕ್ರೋಮಿಯಂ ಆಕ್ಸೈಡಿನ ಪೊರೆ. ದಪ್ಪ ಕೆಲವೇ ನ್ಯಾನೋಮೀಟರು. ಗೀರು ಬಿದ್ದರೆ ಆಮ್ಲಜನಕ ಸಿಕ್ಕ ಕೂಡಲೇ ತಾನೇ ಕೂಡಿಕೊಳ್ಳುತ್ತದೆ. ಉಪ್ಪಿನ ಕ್ಲೋರೈಡು ಆ ಪೊರೆಯನ್ನು ಅಲ್ಲಲ್ಲಿ ಚುಚ್ಚಿ, ಮತ್ತೆ ಕೂಡಿಕೊಳ್ಳದಂತೆ ಮಾಡುತ್ತದೆ. ಮೊದಲು ಚಹಾದ ಕಲೆಯಂಥ ಕಂದು ಬಣ್ಣ, ಆಮೇಲೆ ಸೂಜಿಮೊನೆಯಷ್ಟು ಗುಳಿಗಳು. 304 ಎಂಬ ದರ್ಜೆಯಲ್ಲಿ ಸುಮಾರು 18 ಶೇಕಡ ಕ್ರೋಮಿಯಂ, 8 ಶೇಕಡ ನಿಕ್ಕಲ್. 316ರಲ್ಲಿ ಅದರ ಜೊತೆ 2ರಿಂದ 3 ಶೇಕಡ ಮಾಲಿಬ್ಡಿನಂ ಇರುತ್ತದೆ. ಕ್ಲೋರೈಡನ್ನು ತಡೆಯುವುದರಲ್ಲಿ ವ್ಯತ್ಯಾಸ ತರುವುದು ಅದೇ. 80 ಮೀಟರ್ ದೂರದಲ್ಲಿ 304 ಹಾಕಿದರೆ ಮೊದಲ ಬೇಸಿಗೆ ಮುಗಿಯುವುದರೊಳಗೆ ಕಂದು ಕಲೆ ಕಾಣಬಹುದು. 202 ಇನ್ನೂ ಕೆಟ್ಟದ್ದು; ನಿಕ್ಕಲ್ ಉಳಿಸಲು ಮ್ಯಾಂಗನೀಸ್ ತುಂಬಿದ ಸ್ಟೀಲ್ ಅದು, ಒಳಾಂಗಣಕ್ಕೆ ಸರಿ.

"ರೇಕ್ಯಾವಿಕ್‌ನದ್ದು ಸಮುದ್ರದ ಅಂಚಿನಲ್ಲೇ ಇದೆಯಲ್ಲ, ಅದು ಹೊಳೆಯುತ್ತಿದೆ" ಎನ್ನಬೇಡಿ. ಅಲ್ಲಿ ನಡುಬೇಸಿಗೆಯಲ್ಲೂ ಸರಾಸರಿ ತಾಪ 11–12 ಡಿಗ್ರಿ, ಮಳೆ ವರ್ಷವಿಡೀ ಆಗಾಗ ಬಂದು ಉಪ್ಪು ತೊಳೆಯುತ್ತದೆ. ಗುಳಿ ಬೀಳುವ ಪ್ರಕ್ರಿಯೆ ತಾಪ ಏರಿದಂತೆ ಚುರುಕಾಗುತ್ತದೆ. ಮಲ್ಪೆಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ನಿಮ್ಮ ಪರ. ಆದರೆ ನವೆಂಬರ್‌ನಿಂದ ಮೇ ತನಕ ಉಪ್ಪು ಮೈಮೇಲೆ ಕೂತೇ ಇರುತ್ತದೆ, ಇಬ್ಬನಿಗೆ ಒದ್ದೆಯಾಗಿ ಬಿಸಿಲಿಗೆ ಒಣಗಿ ಮತ್ತಷ್ಟು ಗಟ್ಟಿ ಉಪ್ಪುನೀರಾಗುತ್ತದೆ.

ಆಯಸ್ಕಾಂತದ ಪರೀಕ್ಷೆ ಈ ವ್ಯಾಪಾರದ ದೊಡ್ಡ ಮೋಸ. ಗೊತ್ತಿದ್ದು ಮಾಡುವವರಿಗಿಂತ ಗೊತ್ತಿಲ್ಲದೆ ಮಾಡುವವರೇ ಹೆಚ್ಚು. 202, 304, 316 ಮೂರೂ ಆಯಸ್ಕಾಂತಕ್ಕೆ ಹೆಚ್ಚುಕಡಿಮೆ ಅಂಟುವುದಿಲ್ಲ. ಚೆನ್ನಾಗಿರುವ 304 ಪೈಪನ್ನು ಬಾಗಿಸಿದರೆ ಬಾಗಿದ ಜಾಗ ಸ್ವಲ್ಪ ಅಂಟಲೂಬಹುದು. ಹಾಗಾಗಿ ಆ ಪರೀಕ್ಷೆ ಏನನ್ನೂ ಹೇಳುವುದಿಲ್ಲ. ಪೈಪಿನ ಜೊತೆ ಕಾರ್ಖಾನೆಯ ಪರೀಕ್ಷಾ ಪ್ರಮಾಣಪತ್ರ ಕೇಳಿ, ಅದರಲ್ಲಿರುವ ಹೀಟ್ ನಂಬರು (ಒಂದು ಸಲ ಕರಗಿಸಿದ ಲೋಹದ ಗುರುತು ಸಂಖ್ಯೆ) ಪೈಪಿನ ಮೇಲೆ ಅಚ್ಚಾದ ನಂಬರಿಗೆ ತಾಳೆಯಾಗುತ್ತದೆಯೇ ನೋಡಿ. ಅನುಮಾನವಿದ್ದರೆ ಮಾಲಿಬ್ಡಿನಂ ಪತ್ತೆಯ ಹನಿ ದ್ರಾವಣ ಸಿಗುತ್ತದೆ: ಉಜ್ಜಿದ ಜಾಗಕ್ಕೆ ಒಂದು ಹನಿ ಹಾಕಿ ಸಣ್ಣ ಬ್ಯಾಟರಿ ತಾಗಿಸಿದರೆ 316 ಬಣ್ಣ ತೋರುತ್ತದೆ, 304 ತೋರುವುದಿಲ್ಲ. ದೊಡ್ಡ ಲೋಹ ಪರೀಕ್ಷಾಲಯಗಳಲ್ಲಿ ಕೈಯಲ್ಲಿ ಹಿಡಿಯುವ ಎಕ್ಸ್‌ರೇ ಯಂತ್ರದಿಂದ ನಿಮಿಷದಲ್ಲಿ ಹೇಳುತ್ತಾರೆ.

ಕೇಳಬೇಕಾದ್ದು 316 ಎಲ್. ಎಲ್ ಅಂದರೆ ಇಂಗಾಲ 0.03 ಶೇಕಡಕ್ಕಿಂತ ಕಡಿಮೆ. ಇಂಗಾಲ ಹೆಚ್ಚಿದ್ದರೆ ಬೆಸುಗೆಯ ಪಕ್ಕ 425ರಿಂದ 815 ಡಿಗ್ರಿವರೆಗೆ ಕಾದ ಪಟ್ಟಿಯಲ್ಲಿ ಅದು ಕ್ರೋಮಿಯಂ ಜೊತೆ ಸೇರಿ ಕಾರ್ಬೈಡ್ ಆಗುತ್ತದೆ. ಅಲ್ಲಿ ಪೊರೆಗೆ ಬೇಕಾದ ಕ್ರೋಮಿಯಂ ಉಳಿಯುವುದಿಲ್ಲ. ತುಂಬು ತಂತಿಯೂ 316 ಎಲ್ ಇರಲಿ, ಟಿಗ್ ಬೆಸುಗೆ (ಟಂಗ್‌ಸ್ಟನ್ ಕಡ್ಡಿ, ಆರ್ಗಾನ್ ಅನಿಲದಿಂದ ಮಾಡುವುದು) ಇರಲಿ, ಪೈಪಿನ ಒಳಗೆ ಆರ್ಗಾನ್ ಹರಿಸಲಿ. ಒಳಗೆ ಆರ್ಗಾನ್ ಇಲ್ಲದಿದ್ದರೆ ಒಳಮೈಯಲ್ಲಿ ಕಪ್ಪು ಹುರುಕು ಕಟ್ಟುತ್ತದೆ, ಹೊರಗಿನಿಂದ ಕಾಣುವುದೇ ಇಲ್ಲ.

ಹೊರಗೆ ಕಾಣುವುದನ್ನು ಹೀಗೆ ಓದಿ. ಬೆಸುಗೆಯ ಇಕ್ಕೆಲದಲ್ಲಿ ಬಣ್ಣದ ಪಟ್ಟಿಗಳಿರುತ್ತವೆ: ಒಣಹುಲ್ಲಿನ ತಿಳಿ ಹಳದಿ, ಅದರ ಒಳಗೆ ಕಂದು, ಆಮೇಲೆ ನೇರಳೆ, ನೀಲಿ, ಬೆಸುಗೆಗೆ ತೀರ ಹತ್ತಿರ ಬೂದು. ತಿಳಿ ಹಳದಿ ದೊಡ್ಡ ದೋಷವಲ್ಲ. ನೀಲಿ, ಬೂದು ಕಂಡರೆ ಆ ಬಣ್ಣದ ಅಡಿಯಲ್ಲಿ ಕ್ರೋಮಿಯಂ ಬಡವಾಗಿದೆ ಎಂದೇ ಅರ್ಥ. ಬಫ್ ಹಚ್ಚಿ ಬಣ್ಣ ಮಾಯ ಮಾಡಿದರೆ ಬಡ ಪದರ ಹಾಗೇ ಉಳಿದು, ನಾಲ್ಕೇ ತಿಂಗಳಲ್ಲಿ ಬೆಸುಗೆಯ ಉದ್ದಕ್ಕೂ ಕಂದು ಗೆರೆ ಎದ್ದುಬರಬಹುದು. ಆ ಪದರವನ್ನು ಆಮ್ಲದಿಂದ ಕರಗಿಸಿ ತೆಗೆಯುವ ಪಿಕ್ಲಿಂಗ್ ಪೇಸ್ಟ್ ಹಚ್ಚಿ, ಡಬ್ಬಿಯ ಮೇಲಿನ ಸೂಚನೆಯಷ್ಟು ಹೊತ್ತು ಬಿಟ್ಟು, ಧಾರಾಳ ಸಿಹಿನೀರಿನಿಂದ ತೊಳೆಯಬೇಕು. ಎಚ್ಚರಿಕೆ: ಅದರಲ್ಲಿ ನೈಟ್ರಿಕ್ ಜೊತೆ ಹೈಡ್ರೋಫ್ಲೋರಿಕ್ ಆಮ್ಲ ಇರುತ್ತದೆ. ಚರ್ಮಕ್ಕೆ ತಾಗಿದ ಕೂಡಲೇ ಉರಿಯದೆ, ಒಳಗಿಳಿದ ಮೇಲೆ ನೋಯುವ ಆಮ್ಲ ಅದು, ಜೀವಕ್ಕೇ ಅಪಾಯ. ರಬ್ಬರ್ ಕೈಗವಸು, ಮುಖಕವಚ, ಆ ಆಮ್ಲ ತಾಗಿದರೆ ಹಚ್ಚಲು ಪಕ್ಕದಲ್ಲಿ ಕ್ಯಾಲ್ಸಿಯಂ ಗ್ಲುಕೋನೇಟ್ ಜೆಲ್ ಇಲ್ಲದ ವರ್ಕ್‌ಶಾಪಿನಲ್ಲಿ ಅದನ್ನು ಮಾಡಿಸಬೇಡಿ. ಅಂಥಲ್ಲಿ ವಿದ್ಯುತ್ ಕುಂಚದಿಂದ ಬೆಸುಗೆ ತೊಳೆಯುವ ಯಂತ್ರ ಬಾಡಿಗೆಗೆ ತರುವುದು ಮೇಲು.

ಅದೇ ಮೇಜಿನಲ್ಲಿ ಗೇಟು, ಗ್ರಿಲ್ಲು ಮಾಡುವ ವರ್ಕ್‌ಶಾಪಾದರೆ ಇನ್ನೊಂದು ತೊಂದರೆ. ಕಬ್ಬಿಣ ಉಜ್ಜಿದ ಚಕ್ರದಿಂದಲೇ ಸ್ಟೇನ್‌ಲೆಸ್ ಉಜ್ಜಿದರೆ, ಪಕ್ಕದಲ್ಲಿ ಕಬ್ಬಿಣದ ಕಿಡಿ ಹಾರಿದರೆ, ಆ ಕಣಗಳು ಮೈಗೆ ಹೂತು ತುಕ್ಕಾಗುತ್ತವೆ. "316 ಅಂತ ಕೊಟ್ಟು ಮೋಸ ಮಾಡಿದರು" ಎಂಬ ದೂರುಗಳಲ್ಲಿ ಎಷ್ಟೋ ಇದರಿಂದಲೇ. ಹೊಸ ಚಕ್ರ, ಹೊಸ ಸ್ಟೇನ್‌ಲೆಸ್ ಬ್ರಷ್, ಮೇಜಿನ ಮೇಲೆ ಪ್ಲೈವುಡ್. ಹೊಳಪಿನ ವಿಷಯದಲ್ಲೂ ಅಂದಕ್ಕಿಂತ ಬಾಳಿಕೆ ಮುಖ್ಯ: ಒರಟು ಮೈಯ ಗೀರುಗಳಲ್ಲಿ ಉಪ್ಪು ಕೂರುತ್ತದೆ. ಒರಟುತನ 0.5 ಮೈಕ್ರಾನಿಗಿಂತ ಕಡಿಮೆ ಇರಬೇಕು, 320 ಗ್ರಿಟ್‌ನಿಂದ ಮೇಲೆ ಉಜ್ಜಿದರೆ ಅಲ್ಲಿಗೆ ಮುಟ್ಟಬಹುದು. ಕನ್ನಡಿಯಂತೆ ಹೊಳೆಸಿದರೆ ಇನ್ನೂ ಒಳ್ಳೆಯದು. ಉಜ್ಜಿದ ಗೆರೆಗಳು ನೀರಿಳಿಯುವ ದಿಕ್ಕಿಗೇ ಇರಲಿ.

ಕಟ್ಟುವ ಕ್ರಮದಲ್ಲಿ ಸೋಲ್‌ಫಾರ್‌ನಿಂದ ಧಾರಾಳವಾಗಿ ಎರವಲು ಪಡೆಯಬಹುದಾದ್ದು ಪೂರ್ಣ ಗಾತ್ರದ ನಕ್ಷೆ. ನೆಲಕ್ಕೆ ಪ್ಲೈವುಡ್ ಹಾಸಿ 6 ಮೀಟರ್ ದೋಣಿಯನ್ನು ಬದಿಯಿಂದಲೂ ಮೇಲಿನಿಂದಲೂ ನಿಜ ಅಳತೆಯಲ್ಲಿ ಬರೆಯಿರಿ. ಪ್ರತಿ ಕಮಾನನ್ನು ಆ ಗೆರೆಯ ಮೇಲೆ ಇಟ್ಟು ತಾಳೆ ನೋಡಿ. ಕಾಗದದ ಮೇಲಿನ ತಪ್ಪುಗಳು ಈ ಹಂತದಲ್ಲಿ ಕಾಣುತ್ತವೆ, ಮುಖ್ಯವಾಗಿ ಮನುಷ್ಯನ ಕಣ್ಣಿನ ಎತ್ತರದಿಂದ ರೇಖೆಗಳು ಹೇಗೆ ಒಂದನ್ನೊಂದು ದಾಟುತ್ತವೆ ಎಂಬುದು. ಮೇಜಿನ ಮೇಲಿನ ಮಾದರಿಯನ್ನು ನೀವು ಯಾವಾಗಲೂ ಮೇಲಿನಿಂದ ನೋಡಿದ್ದೀರಿ, ದೋಣಿಯನ್ನು ಕೆಳಗಿನಿಂದ ನೋಡುತ್ತೀರಿ. ಬಾಗಿಸುವ ತ್ರಿಜ್ಯ ಪೈಪಿನ ವ್ಯಾಸದ ಮೂರು ಪಟ್ಟಿಗಿಂತ ಕಡಿಮೆ ಬೇಡ. ಮೊದಲು ಎಲ್ಲ ಕಡೆ ಚುಕ್ಕಿ ಬೆಸುಗೆ, ಆಮೇಲೆ ಎಡಕ್ಕೊಂದು ಬಲಕ್ಕೊಂದು ಎಂದು ಅದಲುಬದಲಾಗಿ ಪೂರ್ಣ ಬೆಸುಗೆ. ಸ್ಟೇನ್‌ಲೆಸ್ ಕಬ್ಬಿಣಕ್ಕಿಂತ ಹೆಚ್ಚು ಹಿಗ್ಗುತ್ತದೆ, ಶಾಖವನ್ನು ಅದರ ಮೂರನೇ ಒಂದು ಪಾಲಿನಷ್ಟೂ ಹರಡುವುದಿಲ್ಲ. ಒಂದೇ ಬದಿಯಿಂದ ಬೆಸೆದುಕೊಂಡು ಹೋದರೆ ದೋಣಿ ಬಾಳೆಹಣ್ಣಾಗುತ್ತದೆ.

ಪೈಪಿನ ಬಾಯಿಗಳನ್ನು ಪೂರ್ತಿ ಬೆಸೆದು ಮುಚ್ಚಿ. ಅರ್ಧ ಮುಚ್ಚಿ, ಪ್ಲಾಸ್ಟಿಕ್ ಬಿರಡೆ ಹಾಕಿ ಬಿಟ್ಟರೆ ಉಪ್ಪುನೀರು ಒಳಗೆ ಹೋಗುತ್ತದೆ, ಹೊರಬರುವುದಿಲ್ಲ. ಪೂರ್ತಿ ಮುಚ್ಚಲಾಗದ ಕಡೆ ತೀರ ಕೆಳಗಿನ ಬಿಂದುವಿನಲ್ಲಿ 8 ಮಿ.ಮೀ. ತೂತು ಬಿಡಿ. ಒಂದರ ಮೇಲೊಂದು ಕೂರುವ ತಗಡು, ತೋಳು, ತೇಪೆ ಇದ್ದಲ್ಲೆಲ್ಲ ಸುತ್ತ ಸೀಲಾಗುವಂತೆ ಬೆಸೆಯಿರಿ. ಸಂದಿಯೊಳಗೆ ಆಮ್ಲಜನಕ ಇರುವುದಿಲ್ಲ, ಪೊರೆ ಕೂಡಿಕೊಳ್ಳುವುದಿಲ್ಲ.

ಪೀಠ ಸೋಲ್‌ಫಾರ್‌ಗೆ ಗ್ರಾನೈಟ್ ಚಪ್ಪಡಿಗಳ ವೃತ್ತ, ಅದರ ಸುತ್ತ ಕಾಂಕ್ರೀಟು. ನಿಮಗೂ ಗ್ರಾನೈಟೇ ಸರಿ, ಕಾರ್ಕಳದ ಕಲ್ಲು ಹತ್ತಿರವೇ ಇದೆ. ಅಡಿಯ ಕಾಂಕ್ರೀಟಿನೊಳಗೆ ಬೋಲ್ಟುಗಳು 316ರದ್ದೇ ಇರಲಿ, ಕಬ್ಬಿಣದ ಸರಳಿಗೆ ತಾಗದಿರಲಿ. ತಾಗಿದರೆ ಸ್ಟೇನ್‌ಲೆಸ್ ಉಳಿದು ಒಳಗಿನ ಕಬ್ಬಿಣ ಬೇಗ ತಿನ್ನಿಸಿಕೊಳ್ಳುತ್ತದೆ, ಕಾಂಕ್ರೀಟು ಸೀಳುತ್ತದೆ. ಬಿಸಿಲಿಗೆ ಕಾದ ಸ್ಟೀಲಿಗೂ ಬೆಳಗಿನ ಜಾವಕ್ಕೂ 38 ಡಿಗ್ರಿ ವ್ಯತ್ಯಾಸ ಹಿಡಿದರೆ 6 ಮೀಟರ್ ದೋಣಿ ಮೂರೂವರೆ ಮಿ.ಮೀ. ಹಿಗ್ಗುತ್ತದೆ. ಒಂದು ಕಡೆ ಬಿಗಿ ಬೋಲ್ಟು, ಇನ್ನೊಂದು ಕಡೆ ಉದ್ದ ತೂತಿನಲ್ಲಿ ಜಾರುವ ಬೋಲ್ಟು ಕೊಡಿ. ಚಪ್ಪಡಿಗೆ ನೀರು ಹರಿದುಹೋಗುವಷ್ಟು ಇಳಿಜಾರು ಬೇಕು.

316 ಎಲ್ ಬೆಲೆ ಕೇಳಿ ಹಿಂಜರಿಕೆಯಾದರೆ ದಾರಿ ಎರಡಿವೆ. ಸಾದಾ ಕಬ್ಬಿಣದ ಪೈಪಿಗೆ ಬಿಸಿ ಸತುವಿನ ಲೇಪ, ಮೇಲೆ ಎಪಾಕ್ಸಿ ಮತ್ತು ಪಾಲಿಯುರೆಥೇನ್ ಬಣ್ಣ. ಅಗ್ಗ, ಗಟ್ಟಿ, ಆದರೆ ಹೊಳಪು ಹೋಯಿತು, ಕೆಲವು ವರ್ಷಕ್ಕೊಮ್ಮೆ ಬಣ್ಣದ ಖರ್ಚು ಬಂತು. ಮುಚ್ಚಿದ ಪೈಪನ್ನು ಗಾಳಿತೂತಿಲ್ಲದೆ 450 ಡಿಗ್ರಿಯ ಸತುವಿನ ತೊಟ್ಟಿಗೆ ಇಳಿಸಿದರೆ ಸಿಡಿಯುತ್ತದೆ, ಹಾಗಾಗಿ ತೂತುಗಳನ್ನು ಮೊದಲೇ ಯೋಜಿಸಬೇಕು. ತೊಟ್ಟಿಯ ಉದ್ದಕ್ಕೆ ತಕ್ಕಂತೆ ತುಂಡು ಮಾಡಿ ಬೋಲ್ಟಿನಿಂದ ಜೋಡಿಸಬೇಕು. ಹೊಳಪೇ ಬೇಡ, ಗೆರ್ದುರ್ ಅವರ ಕೃತಿಗಳ ಹಾಗೆ ಕಪ್ಪು ರೇಖೆ ಸಾಕು ಎಂದಾದರೆ ನನ್ನ ಮತ ಇದಕ್ಕೇ, ಸಂಜೆಯ ಆಕಾಶಕ್ಕೆ ಕಪ್ಪು ರೇಖೆ ಸ್ಟೀಲಿಗಿಂತ ಚೆನ್ನಾಗಿ ಕಾಣುತ್ತದೆ. ಎರಡನೆಯದು ಅಲ್ಯೂಮಿನಿಯಂ. ತೂಕ ಮೂರನೇ ಒಂದು, ಆದರೆ ಬಿಗಿತವೂ ಹಾಗೇ ಸುಮಾರು ಮೂರನೇ ಒಂದು. 6061 ದರ್ಜೆಯ ಅಲ್ಯೂಮಿನಿಯಂ ಪೈಪಿನ ಬಲ ಬೆಸುಗೆಯ ಪಕ್ಕದಲ್ಲಿ ಅರ್ಧದ ಹತ್ತಿರಕ್ಕೆ ಇಳಿಯುತ್ತದೆ. ಮಕ್ಕಳು ಹತ್ತುವ ಜಾಗಕ್ಕೆ ಅದನ್ನು ಹೇಳಲಾರೆ.

ಏನೇ ಮಾಡಿದರೂ ಪೈಪು ಕೊಳ್ಳುವ ಮೊದಲು ಒಂದು ಕೆಲಸ ಇದೆ. ನೀವು ಉಬ್ಬರ ರೇಖೆಯಿಂದ 500 ಮೀಟರ್ ಒಳಗಿದ್ದೀರಿ, ಅಂದರೆ ಕರಾವಳಿ ನಿಯಂತ್ರಣ ವಲಯದೊಳಗೆ. ನಿಮ್ಮ ಸ್ವಂತ ಅಂಗಳವಾದರೂ ಹೊಸ ಅಡಿಪಾಯಕ್ಕೆ ಪಂಚಾಯಿತಿಯಲ್ಲೂ ಜಿಲ್ಲಾ ಕರಾವಳಿ ವಲಯ ಸಮಿತಿಯಲ್ಲೂ ವಿಚಾರಿಸಿ, ಲಿಖಿತ ಉತ್ತರ ಪಡೆಯಿರಿ.

ನಿಂತ ಮೇಲಿನ ಆರೈಕೆ ಸುಲಭ. ಅಕ್ಟೋಬರ್‌ನಿಂದ ಮೇ ತನಕ ಹದಿನೈದು ದಿನಕ್ಕೊಮ್ಮೆ ಬಾವಿಯ ಸಿಹಿನೀರಿನ ಪೈಪು ಹಿಡಿದು, ಮೆದು ಸೋಪಿನಲ್ಲಿ ಬಟ್ಟೆಯಿಂದ ಒರೆಸಿ ತೊಳೆಯಿರಿ. ಮಳೆ ತಾಗದ ಕಮಾನಿನ ಅಡಿಭಾಗವನ್ನು ಮರೆಯಬೇಡಿ, ಕಲೆ ಶುರುವಾಗುವುದು ಅಲ್ಲೇ. ಬಾವಿಯ ನೀರೇ ಉಪ್ಪಾಗಿದ್ದರೆ ಮಾತ್ರ ನಲ್ಲಿ ನೀರು. ಸ್ಟೀಲ್ ಉಣ್ಣೆ, ಬ್ಲೀಚಿಂಗ್ ಪುಡಿ, ನೆಲ ತೊಳೆಯುವ ಆಸಿಡ್ ಈ ಮೂರನ್ನು ಹತ್ತಿರ ತರಬೇಡಿ, ಕೆಲಸದವರಿಗೂ ಹೇಳಿ. ಪಕ್ಕದ ಗೋಡೆಗೆ ಹೊಡೆದ ಆಸಿಡಿನ ಆವಿಯೂ ಸಾಕು. ಕಂದು ಕಲೆ ಕಂಡರೆ ಸಿಟ್ರಿಕ್ ಆಮ್ಲ ಆಧಾರಿತ ಕ್ಲೀನರ್ ಹಚ್ಚಿ ತೊಳೆಯಿರಿ. ಅದೇ ಜಾಗದಲ್ಲಿ ಮತ್ತೆ ಮತ್ತೆ ಬಂದರೆ ಅಲ್ಲಿ ಕಬ್ಬಿಣದ ಕಣ ಹೂತಿದೆ ಅಥವಾ ಬೆಸುಗೆಯ ಬಣ್ಣ ಉಳಿದಿದೆ, ಮತ್ತೊಮ್ಮೆ ಪಿಕ್ಲಿಂಗ್ ಮಾಡಿಸಬೇಕು. ಮಳೆಗಾಲ ಮುಗಿದ ಮೇಲೆ ವರ್ಷಕ್ಕೊಮ್ಮೆ ಹೊರಚಾಚಿದ ಪ್ರತಿ ಸರಳಿನ ಬುಡಕ್ಕೆ, ಬಿರುಕಿನೊಳಗೆ ಇಳಿದು ಅದನ್ನು ಎತ್ತಿ ತೋರಿಸುವ ಬಣ್ಣದ ಪೆನೆಟ್ರಂಟ್ ದ್ರವ ಹಚ್ಚಿ ಕೂದಲೆಳೆಯ ಬಿರುಕು ನೋಡಿ. ಕಂಡರೆ ಮೇಲೆ ಬೆಸುಗೆ ಸವರಿ ಮುಚ್ಚಬೇಡಿ. ಬಿರುಕನ್ನು ಪೂರ್ತಿ ಉಜ್ಜಿ ತೆಗೆದು, ತಳದಿಂದ ಮತ್ತೆ ತುಂಬಿಸಿ.